ಮೂರಕ್ಷರ ಒತ್ತಿದರೆ ಪೂರ್ತಿ ಪದ



ಗಣಕದ ಎದುರು ಕುಳಿತು ಪ್ರೋಗ್ರಾಂ ಬರೆಯುವಾಗ ಒಂದು ಸಂಗತಿಯನ್ನು ನೀವು ಗಮನಿಸಿರಬಹುದು. ಎಡಿಟರ್‌ನಲ್ಲಿ ಎರಡು ಮೂರು ಅಕ್ಷರ ಒತ್ತುತ್ತಿದ್ದಂತೆ ಕೆಳಗೊಂದು ಪುಟ್ಟ ಪಟ್ಟಿ ಇಳಿಯುತ್ತದೆ. ಬೇಕಾದ ಪದವನ್ನು ಆರಿಸಿ ಟ್ಯಾಬ್ ಕೀಲಿ ಒತ್ತಿದರೆ, ಉಳಿದದ್ದನ್ನು ಯಂತ್ರವೇ ಬರೆಯುತ್ತದೆ. ಇದನ್ನು ಪದಪೂರಣ ಎಂದು ಕರೆಯೋಣ.

ನಮ್ಮ ತರಗತಿಯಲ್ಲಿ ನಡೆದ ಒಂದು ಪ್ರಸಂಗ ಹೇಳುತ್ತೇನೆ. ಎಸ್‌ಎಸ್‌ಎಲ್‌ಸಿ ಅಂಕಗಳನ್ನು ಕೂಡಿಸುವ ಪ್ರೋಗ್ರಾಂ ಬರೆಯಲು ಹೇಳಿದ್ದೆ. ಒಬ್ಬ ಹುಡುಗಿ ಗಳಿಸಿದ ಅಂಕಗಳಿಗೆ ‘ಟೋಟಲ್‌ಮಾರ್ಕ್ಸ್’ ಎಂದೂ, ಗರಿಷ್ಠ ಅಂಕಗಳಿಗೆ ‘ಟೋಟಲ್‌ಮ್ಯಾಕ್ಸ್’ ಎಂದೂ ಇಂಗ್ಲಿಷಿನಲ್ಲಿ ಹೆಸರಿಟ್ಟಿದ್ದಳು. ಎರಡಕ್ಕೂ ಮೊದಲ ಏಳು ಅಕ್ಷರ ಒಂದೇ. ಪಟ್ಟಿಯ ಮೇಲ್ತುದಿಯಲ್ಲಿ ಬಂದ ಹೆಸರನ್ನು ನೋಡದೆ ಒಪ್ಪಿಕೊಂಡಳು. ಪ್ರೋಗ್ರಾಂ ಒಂದೂ ದೋಷ ತೋರದೆ ಓಡಿತು. ಇಡೀ ತರಗತಿಗೆ 625ಕ್ಕೆ 625! ಎರಡೂ ಹೆಸರು ಇದ್ದವೇ ಆದ್ದರಿಂದ ಯಂತ್ರಕ್ಕೆ ತಪ್ಪು ಕಾಣಲಿಲ್ಲ.

ತಪ್ಪು ಹೆಸರು ಮೇಲಕ್ಕೆ ಬಂದದ್ದೇಕೆ? ಹಿಂದಿನ ಸಾಲಿನಲ್ಲಿ ಆಕೆ ಅದನ್ನೇ ಬರೆದಿದ್ದಳು. ಇತ್ತೀಚೆಗೆ ಬಳಸಿದ್ದೇ ಮತ್ತೆ ಬೇಕಾಗುತ್ತದೆ ಎಂಬುದು ಹಳೆಯ ಊಹೆ. ಈಮ್ಯಾಕ್ಸ್ ಎಂಬ ಎಡಿಟರ್‌ನಲ್ಲಿ ಆಲ್ಟ್ ಜೊತೆಗೆ ಓರೆಗೆರೆ ಒತ್ತಿದರೆ, ಅದು ಮೊದಲು ಹಿಂದಿನ ಸಾಲುಗಳತ್ತ ಹುಡುಕುತ್ತಾ ಹೋಗಿ, ಅದೇ ಅಕ್ಷರಗಳಿಂದ ಆರಂಭವಾಗುವ ಅತಿ ಸಮೀಪದ ಪದವನ್ನು ತಂದು ಕೂರಿಸುತ್ತದೆ. ಬೇಡವಾದರೆ ಮತ್ತೊಮ್ಮೆ ಒತ್ತಿ, ಇನ್ನೊಂದು ಬರುತ್ತದೆ. ಬಹುಪಾಲು ಈ ಊಹೆ ಸರಿಯೇ. ಕೈ ಅದಕ್ಕೆ ಒಗ್ಗಿಹೋಗುವುದೇ ಅಪಾಯ.

ಪದಗಳನ್ನು ಹುಡುಕುವುದು ಕಷ್ಟದ ಕೆಲಸವಲ್ಲ. ಒಂದೊಂದು ಅಕ್ಷರಕ್ಕೂ ಒಂದೊಂದು ಕವಲೊಡೆಯುವ ಮರದಂತೆ ಪದಗಳನ್ನು ಜೋಡಿಸಿಡುತ್ತಾರೆ. 1960ರಲ್ಲಿ ಎಡ್ವರ್ಡ್ ಫ್ರೆಡ್ಕಿನ್ ಇದಕ್ಕೆ ‘ಟ್ರೈ’ ಎಂದು ಹೆಸರಿಟ್ಟರು. ಕಷ್ಟವಿರುವುದು ಯಾವುದನ್ನು ಮೇಲಿಡಬೇಕು ಎಂಬುದರಲ್ಲಿ. 2016ರಲ್ಲಿ ಪ್ರಕಟವಾದ ಲ್ಯಾಂಗ್ವೇಜ್ ಸರ್ವರ್ ಪ್ರೋಟೋಕಾಲ್ ಬಂದ ಮೇಲೆ, ಪ್ರೋಗ್ರಾಂ ಭಾಷೆಯನ್ನು ಬಲ್ಲ ತಂತ್ರಾಂಶವೊಂದು ಬೇರೆಯಾಗಿ ಓಡುತ್ತಾ ಯಾವುದೇ ಎಡಿಟರ್‌ಗೆ ಸಲಹೆ ಕೊಡಬಲ್ಲದು. ಸಂಖ್ಯೆ ಬೇಕಾದೆಡೆ ಸಂಖ್ಯೆಯ ಹೆಸರನ್ನೇ ಮುಂದಿಡಬಲ್ಲದು. ಆದರೆ ನಮ್ಮ ಹುಡುಗಿಯ ಎರಡೂ ಹೆಸರು ಸಂಖ್ಯೆಗಳೇ ತಾನೆ?

ಆಕೆಗೆ ನೆರವಾಗುತ್ತಿದ್ದುದು ಇನ್ನೂ ಸರಳವಾದ ಒಂದು ಉಪಾಯ. ಟ್ಯಾಬ್ ಒತ್ತಿದಾಗ ಖಚಿತವಾದಷ್ಟನ್ನು ಮಾತ್ರ ತುಂಬಿ, ಹೆಸರುಗಳು ಕವಲಾಗುವಲ್ಲಿ ಯಂತ್ರ ನಿಂತುಬಿಡಬೇಕು. ಆ ಏಳು ಅಕ್ಷರ ಯಂತ್ರದ್ದು, ಎಂಟನೆಯದು ನಿಮ್ಮದು. ಒಂದೇ ಒಂದು ಅಕ್ಷರ ಹೆಚ್ಚು ಒತ್ತಬೇಕು, ಅಷ್ಟೆ. ಆದರೆ ಆ ಒಂದು ಕ್ಷಣ ಕಣ್ಣು ಪರದೆಯ ಮೇಲಿರುತ್ತದೆ. ಇನ್ನೊಂದು ಮಾತು. ತಡವಾಗಿ ಬಂದ ಸಲಹೆ ಪಟ್ಟಿಯ ಕ್ರಮವನ್ನು ಬದಲಿಸಬಾರದು. ಎರಡನೆಯ ಸಾಲಿನಲ್ಲಿದ್ದ ಪದ ನೀವು ಕೀಲಿ ಒತ್ತುವ ಹೊತ್ತಿಗೆ ಮೂರನೆಯದಕ್ಕೆ ಜಾರಿದರೆ ಸಿಟ್ಟು ಬಾರದೆ ಇರುತ್ತದೆಯೇ?

ಕನ್ನಡದಲ್ಲಿ ಬರೆಯುವಾಗ ಈ ಉಪಾಯ ಇನ್ನೂ ಹೆಚ್ಚು ಒಪ್ಪುತ್ತದೆ. ‘ಮನೆ’ ಎಂದು ಒತ್ತಿದರೆ ಮನೆಯಲ್ಲಿ, ಮನೆಯಿಂದ, ಮನೆಯವರು, ಮನೆಗೆ, ಮನೆಗಳು ಎಂದು ಪ್ರತ್ಯಯ ಹೊತ್ತ ರೂಪಗಳು ಸಾಲುಗಟ್ಟುತ್ತವೆ. ಎಲ್ಲವನ್ನೂ ಒಮ್ಮೆಲೇ ತೋರಿಸುವ ಬದಲು ‘ಮನೆ’ ಎಂಬಲ್ಲೇ ನಿಲ್ಲಿಸಿ, ಅಲ್ಲಿಂದ ಪ್ರತ್ಯಯ ಕೇಳುವುದು ಲೇಸು.

ಕನ್ನಡಕ್ಕೆ ಬೇರೊಂದು ತೊಡಕೂ ಉಂಟು. ಯೂನಿಕೋಡ್ ಸಂಕೇತದಲ್ಲಿ ‘ನೀರು’ ಪದದ ಗುಡಿಸಿನ ದೀರ್ಘವನ್ನು ಒಂದೇ ಚಿಹ್ನೆಯಾಗಿ ಬರೆದಿಡಬಹುದು. ಗುಡಿಸು ಬೇರೆ, ದೀರ್ಘ ಬೇರೆ ಎಂದು ಎರಡಾಗಿಯೂ ಇಡಬಹುದು. ಕಣ್ಣಿಗೆ ಎರಡೂ ಒಂದೇ. ಯಂತ್ರಕ್ಕೆ ಬೇರೆ ಬೇರೆ. ನೀವು ಒತ್ತಿದ್ದು ಒಂದು ಬಗೆ, ಪಟ್ಟಿಯಲ್ಲಿರುವುದು ಇನ್ನೊಂದು ಬಗೆಯಾದರೆ ಪದ ಸಿಗುವುದೇ ಇಲ್ಲ. ಹುಡುಕುವ ಮುನ್ನ ಎರಡನ್ನೂ ಒಂದೇ ರೂಪಕ್ಕೆ ತರಬೇಕು. ಆ ಪುಟ್ಟ ಪ್ರೋಗ್ರಾಂ ಬರೆಯುವುದು ನಿಮ್ಮಿಂದ ಆಗದ ಕೆಲಸವೇನಲ್ಲ. ‘ನೀರು’ ಪದದಿಂದಲೇ ಆರಂಭಿಸಿ ನೋಡಿ.