ಬಾಡಿಗೆಯ ಮಿತಿ ಎಷ್ಟು ವರ್ಷ?

(ಸಂಘದ ಸದಸ್ಯರ ಸಭೆಯಲ್ಲಿ ಮಾಡಿದ ಭಾಷಣ)

ಅಮೆರಿಕದ ಸಣ್ಣ ಊರಿನ ಮನೆಗಳ ಸುದ್ದಿ ಮುಂಬಯಿಯ ಹೋಟೆಲು, ಗಿರಣಿ ಕೆಲಸಗಾರರಾದ ನಮಗೇಕೆ ಎಂದು ತಾವು ಕೇಳಬಹುದು. ಆ ಊರುಗಳಲ್ಲಿಯೂ ತಟ್ಟೆ ತೊಳೆಯುವವರು, ಕಾರಖಾನೆಗೆ ಹೋಗುವವರು ಇದ್ದಾರೆ. ತಿಂಗಳ ಮೊದಲ ತಾರೀಖು ಬಂತೆಂದರೆ ಅವರಿಗೂ ಬಾಡಿಗೆಯ ಚಿಂತೆ. ಅಂಥವರಿಗಾಗಿ ಅಲ್ಲಿಯ ಸರಕಾರ 1986ರಲ್ಲಿ ಒಂದು ಕಾನೂನು ಮಾಡಿತು. ಅದರ ಗುಣವೂ ದೋಷವೂ ನಮಗೆ ಪಾಠವಾಗುವಂತಿವೆ.

ಖಾನಾವಳಿಯ ಊಟದ ಕೂಪನು ನಮಗೆಲ್ಲ ಗೊತ್ತು. ಮೊದಲೇ ಹಣ ಕೊಟ್ಟವನು ತಿಂಗಳೆಲ್ಲ ಒಂದೊಂದೇ ಹರಿದುಕೊಟ್ಟು ಉಣ್ಣುತ್ತಾನೆ. ಆ ಕಾನೂನಿನ ಲೆಕ್ಕವೂ ಹಾಗೆಯೇ. ಸರಕಾರ ಮನೆ ಕಟ್ಟುವವನಿಗೆ ನಗದು ಕೊಡುವುದಿಲ್ಲ, ತೆರಿಗೆಯ ಕೂಪನು ಕೊಡುತ್ತದೆ. ದೊಡ್ಡ ಕೂಪನಾದರೆ ಕಟ್ಟಡದ ಖರ್ಚಿನ ನೂರಕ್ಕೆ ವರ್ಷಕ್ಕೆ ಸುಮಾರು 9, ಸಣ್ಣದಾದರೆ 4, ಹೀಗೆ 10 ವರ್ಷ. ಬ್ಯಾಂಕು ಪಾಲುದಾರನಾಗಿ ಬಂದು ಮೊದಲೇ ಹಣ ಹಾಕುತ್ತದೆ. ಆಮೇಲೆ ವರ್ಷ ವರ್ಷ ತನ್ನ ತೆರಿಗೆಯಲ್ಲಿ ಕೂಪನು ಮುರಿದುಕೊಳ್ಳುತ್ತದೆ. ಕೂಪನು ಯಾರಿಗೆಂಬುದನ್ನು ಆಯಾ ರಾಜ್ಯದ ವಸತಿ ಸಂಸ್ಥೆ ಗೊತ್ತುಮಾಡುತ್ತದೆ. ಈ ದಾರಿಯಿಂದ ಇದುವರೆಗೆ 30 ಲಕ್ಷಕ್ಕೂ ಹೆಚ್ಚು ಮನೆಗಳು ಎದ್ದಿವೆ, ಇಲ್ಲವೆ ದುರಸ್ತಿಯಾಗಿವೆ. ಇದು ಸಣ್ಣ ಮಾತಲ್ಲ.

ಇನ್ನು ಬಾಡಿಗೆ. ಆ ಪ್ರದೇಶದ ನಡುಮಟ್ಟದ ವರಮಾನದಲ್ಲಿ, ಬಹಳ ಕಡೆ, ನೂರಕ್ಕೆ 60ರೊಳಗೆ ದುಡಿಯುವವನಿಗೆ ಮನೆ. ಆ ಅರುವತ್ತರಲ್ಲಿ ನೂರಕ್ಕೆ 30 ಬಾಡಿಗೆಯ ಮಿತಿ. ಮಾತಿಗೆ, ನಡುಮಟ್ಟದ ವರಮಾನ ತಿಂಗಳಿಗೆ 5,000 ಡಾಲರು ಎನ್ನೋಣ. ಅರುವತ್ತರ ಲೆಕ್ಕಕ್ಕೆ 3,000. ಬಾಡಿಗೆ 900 ದಾಟುವಂತಿಲ್ಲ. ಆದರೆ 2,000 ದುಡಿಯುವ ಪಾತ್ರೆ ತೊಳೆಯುವವನಿಗೂ ಅದೇ 900! ಬೇರೆ ಸಹಾಯವಿಲ್ಲದಿದ್ದರೆ ಅವನ ಸಂಬಳದ ಅರ್ಧಕ್ಕೆ ಹತ್ತಿರ ಹೋಯಿತು. ಮಿತಿ ಊರಿನ ವರಮಾನಕ್ಕೆ ಹೊಂದಿದ್ದೇ ಹೊರತು ಅವನ ಕಿಸೆಗೆ ಹೊಂದಿದ್ದಲ್ಲ.

ಸಣ್ಣ ಊರಿನಲ್ಲಿ ಇನ್ನೊಂದು ಕಷ್ಟ. ಅಲ್ಲಿ ವರಮಾನ ಕಡಿಮೆ, ಆದುದರಿಂದ ಬಾಡಿಗೆಯ ಮಿತಿಯೂ ಕಡಿಮೆ. ಆದರೆ ಮಾಡಿನ ದುರಸ್ತಿ, ನೀರಿನ ನಲ್ಲಿ ಅಲ್ಲಿ ಅಗ್ಗವಾಗುವುದಿಲ್ಲ. ಇಪ್ಪತ್ತು ಮೂವತ್ತು ಮನೆಗಳ ಕಟ್ಟಡಕ್ಕೆ ಹಣ ಹಾಕಲು ದೊಡ್ಡ ಬ್ಯಾಂಕುಗಳು ಹಿಂದೆಮುಂದೆ ನೋಡುತ್ತವೆ. 2008ರಲ್ಲಿ ಕಾನೂನು ತಿದ್ದಿ, ಹಳ್ಳಿಗಾಡಿನ ದೊಡ್ಡ ಕೂಪನಿನ ಕಟ್ಟಡಗಳು ದೇಶದ ಹಳ್ಳಿಗಾಡಿನ ನಡುಮಟ್ಟದ ವರಮಾನ ಹೆಚ್ಚಿದ್ದರೆ ಅದನ್ನೇ ಹಿಡಿಯಬಹುದೆಂದರು. ಕಟ್ಟಡಕ್ಕೆ ಆಧಾರವಾಯಿತು, ಜೊತೆಗೆ ಬಾಡಿಗೆಯ ಮಿತಿಯೂ ಮೇಲೇರಿತು.

ಎಲ್ಲಕ್ಕಿಂತ ಮುಖ್ಯವಾದದ್ದು ವಾಯಿದೆ. 1990ರಿಂದ ಈಚೆಗೆ ಕೂಪನು ಪಡೆದ ಮನೆಗಳಿಗೆ ಕಾಗದದ ಮೇಲೆ ಕನಿಷ್ಠ 30 ವರ್ಷದ ಕಟ್ಟುಪಾಡಿದೆ. ಆದರೆ 14 ವರ್ಷ ಮುಗಿದ ಮೇಲೆ ಮಾಲೀಕನು ಕೊಳ್ಳುವವರನ್ನು ಹುಡುಕಿಕೊಡಿರೆಂದು ರಾಜ್ಯದ ಸಂಸ್ಥೆಯನ್ನು ಕೇಳಬಹುದು. ಒಂದು ವರ್ಷದೊಳಗೆ ಕೊಳ್ಳುವವರು ಸಿಗದಿದ್ದರೆ ಕಟ್ಟುಪಾಡು ಕಳಚಿತು. ಇದ್ದವರಿಗೆ ಇನ್ನು 3 ವರ್ಷ ರಕ್ಷಣೆ, ಅಷ್ಟೆ. ಕೆಲವು ರಾಜ್ಯಗಳು ಮಾತ್ರ ಈ ಹಕ್ಕನ್ನು ಮೊದಲೇ ಬಿಟ್ಟುಕೊಡಿಸಿ ಬಾಗಿಲು ಮುಚ್ಚಿವೆ. ದೊಡ್ಡ ಶಹರದಲ್ಲಾದರೆ ಇನ್ನೊಂದು ಖೋಲಿ ಹುಡುಕಬಹುದು. ಬಾಡಿಗೆ ಮನೆಗಳೇ ವಿರಳವಾದ ಊರಿನಲ್ಲಿ ಎಲ್ಲಿ ಹುಡುಕುವುದು?

ಆದರೆ ಅದೇ ಕಾನೂನಿನಲ್ಲಿ ಇನ್ನೊಂದು ಬಾಗಿಲೂ ಇದೆ. 15 ವರ್ಷದ ನಂತರ ಕಟ್ಟಡವನ್ನು ಮೊದಲು ಕೊಳ್ಳುವ ಹಕ್ಕನ್ನು ಬಾಡಿಗೆದಾರರ ಸಂಘಕ್ಕೋ ಲಾಭಕ್ಕಾಗಿ ನಡೆಯದ ಸಂಸ್ಥೆಗೋ ಕೊಡಬಹುದು. ಬೆಲೆ, ಉಳಿದ ಸಾಲ ಮತ್ತು ಮಾರಾಟದಿಂದ ಬೀಳುವ ತೆರಿಗೆ ಇಷ್ಟಿದ್ದರೆ ಸಾಕು. ಆದರೆ ಅದು ತಾನಾಗಿ ಬರುವುದಿಲ್ಲ, ಕರಾರಿನಲ್ಲಿ ಬರೆಸಿರಬೇಕು.

ನಮ್ಮಲ್ಲಿಯೂ 2016ರಲ್ಲಿ ಆದಾಯ ತೆರಿಗೆ ಕಾನೂನಿಗೆ 80-ಐಬಿಎ ಎಂಬ ಕಲಮು ಸೇರಿತು. ಕೈಗೆಟುಕುವ ಮನೆ ಕಟ್ಟಿದವರ ಲಾಭಕ್ಕೆ ತೆರಿಗೆಯಲ್ಲಿ ಪೂರ್ಣ ಕಡಿತ. 2022ರ ಮಾರ್ಚ್ 31ರೊಳಗೆ ಮಂಜೂರಾದ ಯೋಜನೆಗಳಿಗೆ ಅದು ಅನ್ವಯಿಸಿತು. ಮುಂಬಯಿಯಲ್ಲಿ ಮೊದಲು 30 ಚದರ ಮೀಟರಿನ ಮಿತಿ. 2019ರ ಸೆಪ್ಟೆಂಬರಿನಿಂದ ಮಂಜೂರಾದವಕ್ಕೆ 60 ಚದರ ಮೀಟರು, 45 ಲಕ್ಷ ರೂಪಾಯಿ. ಕೋಣೆ ಅಳೆದರು, ಬೆಲೆ ನೋಡಿದರು. ಕೊಳ್ಳುವವನ ಪಗಾರ ಎಷ್ಟೆಂದು ಆ ಕಲಮು ಕೇಳಲಿಲ್ಲ. 45 ಲಕ್ಷದ ಮನೆ ನಮ್ಮಲ್ಲಿ ಯಾರ ಕೈಗೆ ಎಟುಕುತ್ತದೆ?

ಬಂಧುಗಳೇ, ಬಿಟ್ಟುಕೊಟ್ಟ ತೆರಿಗೆ ಸಾರ್ವಜನಿಕರ ಹಣ. ಕಡ್ಡಿಪೆಟ್ಟಿಗೆ ಕೊಂಡಾಗಲೂ ತೆರಿಗೆ ಕೊಡುವ ನಾವು ಅದರಲ್ಲಿ ಪಾಲುಗಾರರು. ಆದ್ದರಿಂದ ಮುಂದೆ ಯಾವ ವಸತಿ ಯೋಜನೆ ಬಂದರೂ ನಮ್ಮ ಸಂಘ ಮೂರು ಮಾತು ಕೇಳಬೇಕು: ಮನೆ ಯಾವ ಪಗಾರದವನಿಗೆ? ಮಿತಿ ಎಷ್ಟು ವರ್ಷಕ್ಕೆ? ವಾಯಿದೆ ಮುಗಿದ ದಿನ ಮನೆ ಯಾರದು? ಉತ್ತರವನ್ನು ಭಾಷಣದಲ್ಲಿ ಕೇಳಿ ಚಪ್ಪಾಳೆ ತಟ್ಟಿ ಬರುವುದು ಬೇಡ. ಅಡಿಗಲ್ಲು ಇಡುವ ಮೊದಲೇ ಕಾಗದದಲ್ಲಿ ಬರೆಸಿಕೊಳ್ಳೋಣ. ಓದಲು ಬಾರದ ಸದಸ್ಯನಿಗೆ ಓದಬಲ್ಲವನು ಓದಿ ಹೇಳಲಿ.