ದೇವರನ್ನು ಮಾಡಿದವರು ಯಾರು?

ಮೂವತ್ತು ವರ್ಷಗಳಿಗೂ ಹಿಂದಿನ ಮಾತು. ನಮ್ಮ ಕಾಲೇಜಿನ ಅಧ್ಯಾಪಕರ ಕೊಠಡಿಯಲ್ಲಿ ಒಂದು ಮಧ್ಯಾಹ್ನ ದೇವರ ವಿಚಾರವಾಗಿ ಚರ್ಚೆ ಎದ್ದಿತು. ಒಂದು ಕಡೆ ನಾನು, ರಸೆಲ್ಲನನ್ನು ಓದಿಕೊಂಡು ದೇವರನ್ನು ಕೈಬಿಟ್ಟವನು. ಇನ್ನೊಂದು ಕಡೆ ಇಂಗ್ಲಿಷ್ ವಿಭಾಗದ ಹಿರಿಯ ಮಿತ್ರರು, ಶ್ರದ್ಧಾವಂತ ಕ್ರೈಸ್ತರು. ಈ ಜಗತ್ತಿಗೆ ಒಂದು ಮೂಲಕಾರಣ ಬೇಡವೆ ಎಂದು ಅವರು ಕೇಳಿದರು. ‘ಹಾಗಾದರೆ ದೇವರನ್ನು ಮಾಡಿದವರು ಯಾರು, ಸಾರ್?’ ಎಂದೆ. ಕೊಠಡಿಯೆಲ್ಲ ನಕ್ಕಿತು; ಅವರು ನಗಲಿಲ್ಲ. ಸ್ವಲ್ಪ ತಡೆದು, ‘ದೇವರಿಲ್ಲವೆಂದ ಮೇಲೆ ಕದಿಯಬಾರದೆಂಬುದಕ್ಕೆ ಆಧಾರವೇನು?’ ಎಂದರು. ನನ್ನನ್ನೇ ಕಳ್ಳನೆಂದರೆಂದು ಭಾವಿಸಿ ಎದ್ದು ಹೊರಟೆ. ಆಮೇಲೆ ಹಲವು ವರ್ಷ ನಮ್ಮಲ್ಲಿ ನಮಸ್ಕಾರ ಉಳಿಯಿತು, ಮಾತು ಉಳಿಯಲಿಲ್ಲ.

ನಾನು ಕೇಳಿದ ಪ್ರಶ್ನೆ ಕೈಯಿಂದ ಕೈಗೆ ಬಂದದ್ದು. ಜೇಮ್ಸ್ ಮಿಲ್ ಅದನ್ನು ಮಗನಿಗೆ ಕಲಿಸಿದ. ಮಗ ಜಾನ್ ಸ್ಟೂಅರ್ಟ್ ಮಿಲ್ ಆತ್ಮಕಥೆಯಲ್ಲಿ ಬರೆದಿಟ್ಟ. ಹದಿನೆಂಟರ ಹರೆಯದಲ್ಲಿ ಅದನ್ನೋದಿದ ರಸೆಲ್ ಮೂಲಕಾರಣದ ವಾದವನ್ನು ತೊರೆದ. 1927ರಲ್ಲಿ ಲಂಡನ್ನಿನಲ್ಲಿ, ತಾನೇಕೆ ಕ್ರೈಸ್ತನಲ್ಲವೆಂಬ ಉಪನ್ಯಾಸದಲ್ಲಿ ಅದನ್ನೇ ಹೇಳಿದ. ಎಲ್ಲಕ್ಕೂ ಕಾರಣವಿರಬೇಕೆಂದರೆ ದೇವರಿಗೂ ಬೇಕಷ್ಟೆ! ಆದರೆ ‘ಎಲ್ಲಕ್ಕೂ’ ಎಂದವರು ಯಾರು? ಹದಿಮೂರನೆಯ ಶತಮಾನದ ಥಾಮಸ್ ಅಕ್ವಿನಾಸ್ ಹಾಗೆ ಹೇಳಿದವನಲ್ಲ. ಇರಬಹುದು, ಇಲ್ಲದೆಯೂ ಇರಬಹುದು ಎನ್ನುವಂಥ ವಸ್ತುಗಳಿಗೆ ಆಸರೆ ಬೇಕು, ಆ ಆಸರೆ ಇರದೆ ಇರಲಾರದಂಥದು ಎಂಬುದು ಅವನ ಮಾತು. ಜಗತ್ತಿಗೆ ಕಾಲದಲ್ಲಿ ಆದಿಯಿದ್ದಿತೆಂದು ಕೇವಲ ತರ್ಕದಿಂದ ಸಾಧಿಸಲಾಗದೆಂದೂ ಅವನು ಒಪ್ಪಿದ್ದ. ನಾನು ಗೆದ್ದದ್ದು ಎದುರಾಳಿ ಹೂಡದೆ ಇದ್ದ ವಾದವನ್ನು.

ಇದು ನನಗೆ ಹೊಳೆದದ್ದು ತೀರ ತಡವಾಗಿ, 1948ರಲ್ಲಿ ಬಿ.ಬಿ.ಸಿ. ಪ್ರಸಾರ ಮಾಡಿದ ಒಂದು ಸಂವಾದದ ಪಠ್ಯವನ್ನು ಓದಿದಾಗ. ಒಬ್ಬ ರಸೆಲ್, ಇನ್ನೊಬ್ಬ ಫ್ರೆಡರಿಕ್ ಕೊಪಲ್‌ಸ್ಟನ್, ಜೆಸ್ವಿಟ್ ಪಾದ್ರಿ, ತತ್ತ್ವಶಾಸ್ತ್ರದ ಇತಿಹಾಸ ಬರೆದವನು. ಮಾತಿಗೆ ಮುಂಚೆ ಇಬ್ಬರೂ ‘ದೇವರು’ ಎಂದರೆ ಏನೆಂಬುದನ್ನು ಗೊತ್ತುಮಾಡಿಕೊಳ್ಳುತ್ತಾರೆ. ನಾವು ಆ ತೊಂದರೆಯನ್ನೇ ತೆಗೆದುಕೊಂಡಿರಲಿಲ್ಲ. ರಸೆಲ್ ಅಲ್ಲಿ ಹಳೆಯ ಪ್ರಶ್ನೆಯನ್ನು ನೆಚ್ಚುವುದಿಲ್ಲ, ‘ಇರದೆ ಇರಲಾರದ’ ಎಂಬ ವಿಶೇಷಣಕ್ಕೇ ಕೈ ಹಾಕುತ್ತಾನೆ. ಆ ಗುಣ ವಾಕ್ಯಗಳಿಗೆ ಸಲ್ಲುತ್ತದೆ, ವಸ್ತುಗಳಿಗಲ್ಲ. ಒಬ್ಬೊಬ್ಬ ಮನುಷ್ಯನಿಗೂ ತಾಯಿಯಿದ್ದಾಳೆಂದ ಮಾತ್ರಕ್ಕೆ ಮನುಕುಲಕ್ಕೊಬ್ಬ ತಾಯಿಯಿರಬೇಕಿಲ್ಲ ಎನ್ನುತ್ತಾನೆ. ಕೊಪಲ್‌ಸ್ಟನ್ ಒಪ್ಪುವುದಿಲ್ಲ. ಜಗಳ ಎಲ್ಲಿದೆಯೆಂಬುದು ಮಾತ್ರ ಇಬ್ಬರಿಗೂ ಕಾಣುತ್ತದೆ.

ನೀತಿಯ ವಿಚಾರ ಬಂದಾಗ ಕೊಪಲ್‌ಸ್ಟನ್ ಬೆಲ್ಸೆನ್ ಶಿಬಿರದ ನಾಜಿ ಅಧಿಕಾರಿಯನ್ನು ನೆನೆಯುತ್ತಾನೆ. ಯುದ್ಧ ಮುಗಿದು ಮೂರು ವರ್ಷವೂ ಆಗಿರಲಿಲ್ಲ. ನೀಲಿ ಹಳದಿಗಳನ್ನು ಕಣ್ಣು ಬೇರ್ಪಡಿಸುವಂತೆ ಒಳಿತು ಕೆಡುಕುಗಳನ್ನು ಭಾವನೆ ಬೇರ್ಪಡಿಸುತ್ತದೆಯೆಂಬ ರಸೆಲ್ಲನ ಉತ್ತರ ನನಗೆ ಈಗಲೂ ತೆಳುವಾಗಿಯೇ ಕಾಣುತ್ತದೆ. ಆದರೂ ಅವನು ಸಿಟ್ಟಾಗಲಿಲ್ಲ. ಕೇಳಿದ್ದು ನೀತಿಯ ಬುನಾದಿಯನ್ನು, ತನ್ನ ನಡತೆಯನ್ನಲ್ಲವೆಂದು ಬಲ್ಲವನಾಗಿದ್ದ. ನನ್ನ ಮಿತ್ರರು ಕೇಳಿದ್ದೂ ಅದನ್ನೇ.

ಕನ್ನಡ ಮೇಷ್ಟರ ಚಟಕ್ಕೆ ಇನ್ನೊಂದು ಮಾತು. ಆ ದಿನ ಎಲ್ಲರೂ ನನ್ನನ್ನು ‘ನಾಸ್ತಿಕ’ ಎಂದರು. ಮನುಸ್ಮೃತಿಯ ಪ್ರಕಾರ ವೇದವನ್ನು ಹಳಿಯುವವನು ನಾಸ್ತಿಕ. ಜಗತ್ಕರ್ತನನ್ನು ಒಪ್ಪದ ಮೀಮಾಂಸಕ ಆಸ್ತಿಕ. ಜಿನಭಕ್ತನಾದ ನಮ್ಮ ಪಂಪ ಆಸ್ತಿಕನಲ್ಲ! ವೇದಪ್ರಾಮಾಣ್ಯವೇ ಅಳತೆಗೋಲಾದರೆ ನಾನೂ ನನ್ನ ಕ್ರೈಸ್ತ ಮಿತ್ರರೂ ಒಂದೇ ಪಂಕ್ತಿಯವರು.

ನಿವೃತ್ತನಾದ ವರ್ಷ ಇದನ್ನೆಲ್ಲ ಅವರಿಗೆ ಕಾಗದ ಬರೆದು ತಿಳಿಸಿದೆ. ನನ್ನ ಅವಿಶ್ವಾಸ ಬದಲಾಗಿಲ್ಲವೆಂದೂ ಸೇರಿಸಿದೆ. ಹದಿನೈದು ದಿನಕ್ಕೆ ನಡುಗುವ ಅಕ್ಷರಗಳಲ್ಲಿ ಉತ್ತರ ಬಂತು. ಆ ಸಂವಾದದಲ್ಲಿ ಕೊಪಲ್‌ಸ್ಟನ್ ಗೆದ್ದನೆಂದು ತಮಗೂ ಅನ್ನಿಸಿಲ್ಲವೆಂದು ಬರೆದಿದ್ದರು. ಊರ ಕಡೆ ಬಂದರೆ ಊಟಕ್ಕೇ ಬರಬೇಕು, ಚರ್ಚೆ ಅರ್ಧಕ್ಕೆ ನಿಂತಿದೆ ಎಂದಿದ್ದರು.