ಟಯರು ಕೆಸರಿಗೋ, ಡಾಂಬರಿಗೋ?



ಬೆವರು ಸುರಿಸಿ ಕೂಡಿಟ್ಟ ಹಣದಿಂದ ಊರಿನಲ್ಲಿ ಒಂದು ಪಿಕಪ್ ಗಾಡಿ ಇಡಬೇಕೆನ್ನುವವರು ನಮ್ಮಲ್ಲಿ ಹಲವರಿದ್ದಾರೆ. ಅದು ದಿನವೂ ಡಾಂಬರು ರಸ್ತೆಯಲ್ಲಿ ಪೇಟೆಗೆ ಓಡಬೇಕು; ಮಳೆಗಾಲದಲ್ಲಿ ತೋಟದ ಕೆಸರನ್ನೂ ದಾಟಬೇಕು. ಇಂಥ ಗಾಡಿಗೆ ಯಾವ ಟಯರು ಹಾಕಬೇಕೆಂಬುದೇ ಇಂದಿನ ಮಾತು.

ಕೆಸರಿನ ಟಯರಿಗೆ ದಪ್ಪ ಹಲ್ಲುಗಳು, ನಡುವೆ ಅಗಲವಾದ ಸಂದುಗಳು. ಚಕ್ರ ತಿರುಗಿದಂತೆ ಮಣ್ಣು ಸಂದಿನಿಂದ ಸಿಡಿದುಹೋಗಿ ಹಿಡಿತ ಉಳಿಯುತ್ತದೆ. ಡಾಂಬರಿನ ಮೇಲೆ ಆ ಗುಣವೇ ದೋಷ. ನೆಲಕ್ಕೆ ತಾಗುವ ರಬ್ಬರು ಕಡಿಮೆಯಾದ್ದರಿಂದ ಒದ್ದೆ ರಸ್ತೆಯಲ್ಲಿ ಬ್ರೇಕು ಒತ್ತಿದರೂ ಗಾಡಿ ಮುಂದಕ್ಕೆ ಹೋಗಿಯೇ ನಿಲ್ಲುತ್ತದೆ. ಸದ್ದು ಹೆಚ್ಚು, ಡೀಸೆಲ್ ಹೆಚ್ಚು, ಸವೆತವೂ ಬೇಗ.

ಆದುದರಿಂದ ವರ್ಷದಲ್ಲಿ ಕೆಸರಿನ ದಿನ ಎಷ್ಟು, ಡಾಂಬರಿನ ದಿನ ಎಷ್ಟು ಎಂದು ಮೊದಲು ಎಣಿಸಿರಿ. ಕೆಸರು ಕೆಲವೇ ದಿನವಾದರೆ, ಅಂಗಡಿಯವರು 'ಆಲ್ ಟೆರೇನ್' ಎನ್ನುವ ನಡುತರದ ಟಯರು ಸಾಕು. ದಿನವೂ ಕಲ್ಲುಕೋರೆಗೆ ಇಳಿಯುವವರ ಲೆಕ್ಕ ಬೇರೆ.

ಕೊಳ್ಳುವಾಗ ಟಯರಿನ ಪಕ್ಕೆಯ ಅಂಕಿಗಳನ್ನು ಓದಿರಿ. ಭಾರದ ಅಂಕಿ 112 ಎಂದಿದ್ದರೆ ಒಂದು ಟಯರು 1120 ಕಿಲೋ ಹೊರಬಲ್ಲದು. ಗಾಡಿಗೆ ಗೊತ್ತುಮಾಡಿದ್ದಕ್ಕಿಂತ ಕಡಿಮೆಯದು ಬೇಡ. ತಯಾರಿಯ ಅಂಕಿ 2324 ಎಂದರೆ 2024ರ 23ನೆಯ ವಾರದ ಮಾಲು. ಗೀರಿನ ಆಳಕ್ಕೆ ಕಾನೂನಿನ ಮಿತಿ 1.6 ಮಿಲಿಮೀಟರು, ಅಲ್ಲಿಯವರೆಗೆ ಕಾಯದೆ ಬದಲಿಸಿರಿ.

ಕೆಸರಿನಲ್ಲಿ ಹೂತ ಗಾಡಿಯನ್ನು ನೆರೆಯವರು ಬಂದು ತಳ್ಳಿಯಾರು. ಮಳೆಯ ಡಾಂಬರಿನಲ್ಲಿ ಜಾರಿದ ಗಾಡಿಯನ್ನು ತಡೆಯುವವರು ಯಾರು?